ಕೋಟುಗಳ ಮರೆಯ ಊಟ

ಬಿಸ್ಕತ್ತಿನ ಪೊಟ್ಟಣವನ್ನು ಸದ್ದಾಗದಂತೆ ಬಿಚ್ಚುವುದು ನನಗೆ ಗೊತ್ತು. ಮೊದಲು ನಲ್ಲಿ ತಿರುಗಿಸಿ ನೀರು ಬಿಡಬೇಕು, ಆ ಸದ್ದಿನಲ್ಲೇ ಕಾಗದದ ಮಡಿಕೆ ಬಿಡಿಸಬೇಕು. ಬಿಸ್ಕತ್ತನ್ನು ಕಡಿಯಬಾರದು, ನಾಲಿಗೆಯ ಮೇಲಿಟ್ಟು ತಾನಾಗಿ ಮೆತ್ತಗಾಗಲು ಬಿಡಬೇಕು. ಐವತ್ತು ದಾಟಿದ ಮೇಲೂ, ಮನೆಯಲ್ಲಿ ಯಾರೂ ಇಲ್ಲದಾಗಲೂ, ನಾನು ಹೀಗೇ ತಿನ್ನುವುದು. ಬಾಗಿಲಿಗೆ ಬೆನ್ನು ಮಾಡಿ, ನಿಂತುಕೊಂಡು. ನೋಡಿದವರು ಬಿಸ್ಕತ್ತು ಕದ್ದದ್ದೆಂದೇ ತಿಳಿಯಬೇಕು.

ಇದನ್ನು ಕಲಿಸಿದವಳು ನನ್ನ ಅಕ್ಕ. ಊರು ದಾವಣಗೆರೆ, ಪಾಠಶಾಲೆ ನಮ್ಮ ಮನೆಯ ಉಗ್ರಾಣ. ರಂಜಾನ್ ತಿಂಗಳಲ್ಲಿ ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ರೋಜಾ ಇಲ್ಲ. ಉಪವಾಸ ಮಾಡಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ತಪ್ಪಿದ ದಿನಗಳನ್ನು ಮುಂದೆ ಯಾವಾಗಲಾದರೂ ಮಾಡಿ ಮುಗಿಸಬೇಕು. ಇದು ಧರ್ಮವೇ ಕೊಟ್ಟ ವಿನಾಯಿತಿ. ಆದರೆ ನಾವು ಅದನ್ನು ಬಳಸಿಕೊಳ್ಳುತ್ತಿರುವುದು ಅಬ್ಬಾಗಾಗಲಿ ಅಣ್ಣಂದಿರಿಗಾಗಲಿ ತಿಳಿಯಕೂಡದು. ಹಾಗಾಗಿ ನಸುಕಿನಲ್ಲೆದ್ದು ಎಲ್ಲರ ಜೊತೆ ಸಹರಿ ಊಟಕ್ಕೆ ಕೂರಬೇಕು, ಮಧ್ಯಾಹ್ನ ಒಣಗಿದ ಮುಖ ಮಾಡಿಕೊಂಡು ಓಡಾಡಬೇಕು, ಸಂಜೆ ಅವರ ಜೊತೆಗೇ ಖರ್ಜೂರ ಬಾಯಿಗಿಟ್ಟು ಕಣ್ಣು ಮುಚ್ಚಿ ನಿಟ್ಟುಸಿರು ಬಿಡಬೇಕು. ನಡುವೆ ಹಸಿವಾದರೆ ಉಗ್ರಾಣ. ನಮ್ಮೂರಲ್ಲಿ ಮಂಡಕ್ಕಿಗೆ ಬರವಿಲ್ಲ. ಆದರೆ ಒಣ ಮಂಡಕ್ಕಿ ಅಗಿದರೆ ಕೇಳಿಸುತ್ತದೆ. ಅದಕ್ಕೇ ಅಮ್ಮಿ ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ ಅಕ್ಕಿ ಡಬ್ಬದ ಹಿಂದೆ ಇಟ್ಟಿರುತ್ತಿದ್ದಳು. ಮಾಡಿಡುವವಳೂ ಅವಳೇ, ಮುಚ್ಚಿಡುವವಳೂ ಅವಳೇ, ಕೊನೆಗೆ "ಬೇಗ ತಿನ್ರೇ, ನಾಚಿಕೆ ಇಲ್ವಾ" ಎಂದು ಬೈಯುವವಳೂ ಅವಳೇ. ತಿನ್ನಲು ಹೇಳಿ ನಾಚಿಕೆ ಇಲ್ಲವೇ ಎಂದು ಕೇಳಿದರೆ ಮಕ್ಕಳು ಏನು ಮಾಡಬೇಕು? ತಿನ್ನುತ್ತಾ ನಾಚಿಕೊಳ್ಳುವುದನ್ನು ಕಲಿಯುತ್ತಾರೆ. ನಾನು ಚೆನ್ನಾಗಿಯೇ ಕಲಿತೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗಂಡ ಇಮ್ತಿಯಾಜ್ ಅವರೂ ಪುಟ್ಟ ಮಗಳು ಸನಾಳನ್ನು ಕಟ್ಟಿಕೊಂಡು ಬರ್ಮಿಂಗ್‌ಹ್ಯಾಮಿಗೆ ಬಂದು ಹಾರ್ಬೋರ್ನ್‌ನಲ್ಲಿ ಮನೆ ಮಾಡಿದೆವು. ಅವರು ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್. ನಾನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ನಿಗೆ ಮಲಗಿದವರನ್ನು "ಬೆಳಗಿನಿಂದ ಏನೂ ತಿಂದಿಲ್ಲ ತಾನೆ? ನಿಜ ಹೇಳಿ" ಎಂದು ಕೇಳುವುದು ನನ್ನ ದಿನನಿತ್ಯದ ಕೆಲಸ. ಅವರು ತಡವರಿಸಿದರೆ ಮುಖ ನೋಡಿಯೇ ಹೇಳಬಲ್ಲೆ, ಈತ ಟೋಸ್ಟ್ ತಿಂದಿದ್ದಾನೆ ಎಂದು. ಅನುಭವ.

ನಮ್ಮ ವಿಭಾಗದಲ್ಲಿ ಇಬ್ಬರು ಮುಸ್ಲಿಂ ಜೂನಿಯರ್ ಡಾಕ್ಟರುಗಳಿದ್ದರು. ನನ್ನನ್ನು ಅಕ್ಕ ಎನ್ನುವಂತೆ ಆಪಾ ಎಂದು ಕರೆದು ಬಹಳ ಗೌರವ ಕೊಡುತ್ತಿದ್ದರು. ರಂಜಾನ್ ಬಂತೆಂದರೆ ಸಂಜೆ ಹೊತ್ತಿಗೆ ಸರಿಯಾಗಿ ಖರ್ಜೂರದ ಡಬ್ಬ ಹಿಡಿದು ಬಂದು ನಿಲ್ಲುವರು. "ಆಪಾ, ಬೆಳಗಿನಿಂದ ನಿಂತೇ ಇದ್ದೀರಿ, ಮೊದಲು ನೀವು ತಗೊಳ್ಳಿ." ರೋಜಾ ಇಲ್ಲದ ದಿನಗಳಲ್ಲೂ ನಾನು ಆ ಖರ್ಜೂರವನ್ನು ಇಡೀ ದಿನ ಹಸಿದವಳ ಮುಖ ಹೊತ್ತು ತಿನ್ನುತ್ತಿದ್ದೆ. ಅದಕ್ಕೆ ಒಂದು ಗಂಟೆ ಮೊದಲು ಏನು ತಿಂದಿದ್ದೆ, ಎಲ್ಲಿ ತಿಂದಿದ್ದೆ ಎಂಬುದು ಗೊತ್ತಿದ್ದದ್ದು ಮಿರಿಯಮ್ ಒಬ್ಬರಿಗೆ.

ಮಿರಿಯಮ್ ನಮ್ಮ ವಿಭಾಗದ ಸೆಕ್ರೆಟರಿ. ಅರವತ್ತು ದಾಟಿದವರು, ವಿಧವೆ, ಯಹೂದಿ. ಹುಟ್ಟಿ ಬೆಳೆದದ್ದೆಲ್ಲ ಬರ್ಮಿಂಗ್‌ಹ್ಯಾಮಿನಲ್ಲೇ. ನನ್ನ ಅಜ್ಜಿಯ ಹೆಸರು ಮರಿಯಂಬೀ ಎಂದು ನಾನೊಮ್ಮೆ ಹೇಳಿದಾಗ "ಹಾಗಾದ್ರೆ ನಾನು ನಿಮಗೆ ಅಜ್ಜಿ ಆಗ್ಬೇಕು" ಎಂದು ನಕ್ಕಿದ್ದರು. ಅವರ ಕೋಣೆಯ ಹಿಂದೆ ಹಳೇ ಫೈಲುಗಳನ್ನು ಪೇರಿಸಿಟ್ಟ ಕಿಟಕಿಯಿಲ್ಲದ ಗೂಡೊಂದಿತ್ತು. ಹಳೇ ಕೇಸು ನೋಡಬೇಕು ಎನ್ನುತ್ತಾ ನಾನು ಅದರೊಳಗೆ ಹೊಕ್ಕು ಬಾಳೆಹಣ್ಣು ತಿನ್ನುವುದು. ಬಾಳೆಹಣ್ಣಿಗೆ ಸದ್ದಿಲ್ಲದಿದ್ದರೂ ವಾಸನೆ ಇದೆ ಎಂಬುದನ್ನು ಅಕ್ಕ ಕಲಿಸಿರಲಿಲ್ಲ.

ಒಂದು ದಿನ ಮಿರಿಯಮ್ ಫೈಲು ಹುಡುಕುತ್ತಾ ಬಾಗಿಲು ತೆಗೆದರು. ನಾನು ಅರ್ಧ ತಿಂದ ಹಣ್ಣನ್ನು ಹಾಗೇ ಜೇಬಿಗೆ ತುರುಕಿದೆ. ಅವರು ನೋಡಿಯೂ ನೋಡದವರಂತೆ ಫೈಲು ತೆಗೆದುಕೊಂಡು ಹೋದರು. ಅಷ್ಟರಲ್ಲಿ ಹೊರಗೆ ಜೂನಿಯರ್ ಒಬ್ಬನ ದನಿ: "ಆಪಾ ಒಳಗಿದ್ದಾರಾ?" ಮಿರಿಯಮ್ ಹೇಳಿದರು, "ಫೋನಿನಲ್ಲಿ ಮಾತಾಡ್ತಿದ್ದಾರೆ, ಆಮೇಲೆ ಬನ್ನಿ." ಆ ಗೂಡಿನಲ್ಲಿ ಫೋನೇ ಇರಲಿಲ್ಲ.

ಅವನು ಹೋದ ಮೇಲೆ ನಾನು ಹೊರಬಂದೆ.

"ಡಾಕ್ಟರ್, ನಿಮ್ಮ ಜೇಬು ಒದ್ದೆಯಾಗ್ತಿದೆ," ಎಂದರು.

"ಇವತ್ತು ಸ್ವಲ್ಪ ಹುಷಾರಿಲ್ಲ," ಎಂದೆ, ನೆಲ ನೋಡುತ್ತಾ. ನಮ್ಮ ಕಡೆಯ ಯಾವ ಹೆಂಗಸಿಗೂ ಇಷ್ಟು ಹೇಳಿದರೆ ಸಾಕು. ಮಿರಿಯಮ್‌ಗೂ ಸಾಕಾಯಿತು.

"ಓ, ಅದಾ. ಹಾಗಿದ್ರೆ ತಿನ್ನೋಕೆ ನಿಮ್ಮಲ್ಲಿ ಅನುಮತಿ ಇಲ್ವಾ?"

"ಇದೆ. ಆ ದಿನಗಳಲ್ಲಿ ಉಪವಾಸ ಮಾಡಲೇಬಾರದು."

"ಮತ್ತೆ ಬಚ್ಚಿಟ್ಟುಕೊಳ್ಳೋದು ಯಾಕೆ?"

ಪ್ರಶ್ನೆ ಸುಲಭದ್ದು. ನಾನು ಆಪರೇಷನ್ನಿಗೆ ಹೊತ್ತಾಯಿತೆಂದು ಒದ್ದೆ ಜೇಬು ಮುಚ್ಚಿಕೊಂಡು ಹೊರಟುಬಿಟ್ಟೆ. ಮರುದಿನ ಗೂಡಿಗೆ ಹೋದರೆ ಅಲ್ಲೊಂದು ಕುರ್ಚಿ, ಕುರ್ಚಿಯ ಮೇಲೆ ತಟ್ಟೆ, ತಟ್ಟೆಯಲ್ಲಿ ಮಡಿಸಿಟ್ಟ ಕಾಗದದ ಕರವಸ್ತ್ರ. ಆವತ್ತಿನಿಂದ ಅವರು ನನ್ನನ್ನು ಡಾಕ್ಟರ್ ಎನ್ನುವುದನ್ನು ಬಿಟ್ಟು, ಈ ಊರಿನವರು ಸಲಿಗೆಯಿಂದ ಕರೆಯುವ ಹಾಗೆ, ಬ್ಯಾಬ್ ಎಂದು ಕರೆಯತೊಡಗಿದರು.

ಇದು ನಡೆದದ್ದು ಎರಡು ಸಾವಿರದ ಐದರಲ್ಲಿ. ಆ ವರ್ಷಗಳಲ್ಲಿ ಆಕಾಶದಲ್ಲೊಂದು ತಮಾಷೆ ನಡೆದಿತ್ತು. ನಮ್ಮದೂ ಯಹೂದಿಗಳದೂ ಚಂದ್ರನನ್ನು ನೋಡಿ ಎಣಿಸುವ ತಿಂಗಳುಗಳೇ. ಅವರು ಹಿಂದೂಗಳ ಅಧಿಕ ಮಾಸದ ಹಾಗೆ ಆಗಾಗ ಒಂದು ತಿಂಗಳು ಸೇರಿಸಿ ಹಬ್ಬಗಳನ್ನು ಋತುವಿಗೆ ಕಟ್ಟಿಹಾಕುತ್ತಾರೆ. ನಮ್ಮ ರಂಜಾನಿಗೆ ಅಂಥ ಕಟ್ಟಿಲ್ಲ, ಎಲ್ಲ ಕಾಲಗಳಲ್ಲೂ ಸುತ್ತಿ ಬರುತ್ತದೆ. ಹಾಗೆ ಸುತ್ತುತ್ತಾ ಮೂರು ವರ್ಷ ಅದು ಮಿರಿಯಮ್ ಅವರ ದೊಡ್ಡ ಉಪವಾಸ ಬರುವ ತಿಂಗಳಿಗೇ ಬಂದು ಸೇರಿತು. ಎರಡನೆಯ ವರ್ಷವಂತೂ ಅವರ ಉಪವಾಸದ ದಿನ, ಯೋಮ್ ಕಿಪ್ಪುರ್, ನಮ್ಮ ಪಕ್ಕದ ಬೀದಿಯ ಮೈಸೂರಿನ ಸವಿತಾಳ ವಿಜಯದಶಮಿಯ ದಿನವೇ. ಸವಿತಾ ಆ ಸಲ ಗೊಂಬೆಗಳಿಗೆ ತಾನು ಆರತಿ ಮಾಡದೆ, ದೂರ ನಿಂತು ಗಂಡನ ಕೈಯಿಂದ ಮಾಡಿಸಿದಳಂತೆ. "ಯಾಕೋ ಹುಷಾರಿಲ್ಲ ಕಣ್ರೀ" ಎಂದಳು ಫೋನಿನಲ್ಲಿ. ನಾನು ಯಾಕೆಂದು ಕೇಳಲಿಲ್ಲ.

ಆ ವರ್ಷ ಯೋಮ್ ಕಿಪ್ಪುರ್‌ಗೆ ಕೆಲವು ದಿನ ಮೊದಲು ಮಿರಿಯಮ್ ನಮ್ಮ ವಿಭಾಗದಲ್ಲಿ ಒಬ್ಬೊಬ್ಬರ ಬಳಿಗೂ ಹೋಗಿ, "ಈ ವರ್ಷ ನನ್ನಿಂದ ನಿಮಗೆ ನೋವಾಗಿದ್ರೆ ಕ್ಷಮಿಸಿಬಿಡಿ" ಎಂದು ಕೇಳಿದರು. ಇಂಗ್ಲಿಷರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಮ್ಮ ಹಿರಿಯ ಕನ್ಸಲ್ಟೆಂಟ್ ಕತ್ತಿನವರೆಗೂ ಕೆಂಪಾಗಿ, "ಛೆ ಛೆ, ಏನೂ ಇಲ್ಲ, ಏನೂ ಇಲ್ಲ" ಎನ್ನುತ್ತಾ, ಬಡಿಯದ ಪೇಜರನ್ನು ಸೊಂಟದಿಂದ ತೆಗೆದು ನೋಡುತ್ತಾ ಹೊರಟುಹೋದರು. ನನ್ನ ಬಳಿಗೆ ಬಂದಾಗ ನನಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ನೀವು ನನಗೇನು ಮಾಡಿದ್ದೀರಿ, ಕುರ್ಚಿ ಹಾಕಿಕೊಟ್ಟದ್ದು ಬಿಟ್ಟರೆ?" ಎಂದೆ.

"ಆದ್ರೂ ಕೇಳ್ಬೇಕು, ಬ್ಯಾಬ್. ದೇವರಿಗೆ ಮಾಡಿದ್ದನ್ನ ದೇವರು ಆ ದಿನ ಮನ್ನಿಸ್ತಾನೆ. ಮನುಷ್ಯರಿಗೆ ಮಾಡಿದ್ದನ್ನ ಅವನು ಮನ್ನಿಸೋಕೆ ಆಗಲ್ಲ, ನಾವೇ ಹೋಗಿ ಕೇಳ್ಬೇಕು. ಗಂಡ ಹೋದ ಮೇಲೆ, ಆಸ್ಪತ್ರೆ ಬಿಟ್ರೆ, ನಾನು ವಾರಗಟ್ಟಲೆ ಯಾರ ಜೊತೆಗೂ ಮಾತಾಡದೆ ಇದ್ದುಬಿಡ್ತೀನಿ. ಈ ಹಬ್ಬ ಬಂದಾಗ ಮಾತ್ರ ಎಲ್ಲರ ಬಾಗಿಲಿಗೂ ಹೋಗ್ಲೇಬೇಕು. ಅದಕ್ಕೇ ಇದು ನಂಗಿಷ್ಟ."

ಅವರ ಮಾತು ಕೇಳುತ್ತಿದ್ದರೂ ನನ್ನ ತಲೆ ಬೇರೆಡೆ ಹೋಗಿತ್ತು. ಮಿರಿಯಮ್‌ಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವರು. "ನೀವು ಉಪವಾಸ ಮಾಡೋದಿಲ್ಲ ತಾನೆ?" ಎಂದು ಕೇಳಿದೆ. ಅವರು ತಡವರಿಸಿದರು. ಆ ತಡವರಿಕೆ ನನಗೆ ಚೆನ್ನಾಗಿ ಗೊತ್ತು.

"ಡಾಕ್ಟರ್ ತಿನ್ನು ಅಂತಾರೆ. ನಮ್ಮ ಗುರು ರಬ್ಬಿಯೂ ತಿನ್ನು ಅಂತಾರೆ, ನಿನಗೆ ತಿನ್ನೋದೇ ವಿಧಿ ಅಂತಾರೆ. ಹೋದ ವರ್ಷ ಪ್ರಾರ್ಥನೆ ನಡುವೆ ಸಿನಗಾಗ್‌ನಲ್ಲಿ ಕೋಟು ನೇತುಹಾಕೋ ಕೋಣೆಗೆ ಹೋಗಿ, ಕೋಟುಗಳ ಹಿಂದೆ ನಿಂತು ಬ್ರೆಡ್ ತಿಂದೆ. ಮನೆಗೆ ಬಂದು ಅತ್ತುಬಿಟ್ಟೆ. ಮೇಲ್ಗಡೆ ಹೆಂಗಸರ ಗ್ಯಾಲರಿಯಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನೀರೂ ಮುಟ್ಟದೆ ಕೂತಿರ್ತಾರೆ. ಈ ಸಲ ನಾನೂ ಹಾಗೇ ಇದ್ದುಬಿಡ್ತೀನಿ, ಏನಾದ್ರೂ ಆಗ್ಲಿ."

ನಾನು ರೇಗಿದೆ. ಇನ್ಸುಲಿನ್ ತೆಗೆದುಕೊಂಡು ಉಪವಾಸವಿದ್ದರೆ ಏನಾಗುತ್ತದೆ ಎಂದು ದೊಡ್ಡ ಉಪನ್ಯಾಸ ಕೊಟ್ಟೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಹೌದು. ನೀನೂ ಫೈಲುಗಳ ಹಿಂದೆ ತಿನ್ನೋದು ಬಿಡು ನೋಡೋಣ," ಎಂದರು. ಆಮೇಲೆ ಅವರೇ, "ಅಷ್ಟು ಭಯ ಇದ್ರೆ ನನ್ನ ಜೊತೆ ಬಾ," ಎಂದರು.

ಹೀಗೆ ಆ ಸೋಮವಾರ ರಜೆ ಹಾಕಿ, ತಲೆಯ ಮೇಲೆ ದುಪಟ್ಟಾ ಹೊದ್ದು, ನಾನು ಸಿನಗಾಗ್‌ಗೆ ಹೋದೆ. ಆ ದಿನ ನನಗೂ ರೋಜಾ ಇರಲಿಲ್ಲ. ಕಾರಣ ಮತ್ತೆ ಹೇಳಬೇಕಾಗಿಲ್ಲ. ಬಾಗಿಲಲ್ಲಿ ಕಾವಲಿಗಿದ್ದಾತ ಸೌಜನ್ಯದಿಂದ ನನ್ನ ಕೈಚೀಲ ತೆರೆದು ತೋರಿಸಲು ಹೇಳಿದ. ಒಳಗಿದ್ದದ್ದು ಬಾಳೆಹಣ್ಣು, ಕಿತ್ತಳೆ ರಸದ ಪೊಟ್ಟಣ, ಗ್ಲೂಕೋಸ್ ಮಾತ್ರೆ. ವರ್ಷದ ಅತಿ ಕಠಿಣ ಉಪವಾಸದ ದಿನ ಒಬ್ಬ ಮುಸ್ಲಿಂ ಹೆಂಗಸು ಸಿನಗಾಗ್‌ಗೆ ತಿಂಡಿ ಹೊತ್ತು ತಂದಿದ್ದಾಳೆ. ಅವನು ನನ್ನ ಮುಖ ನೋಡಿದ. ನಾನು ಹಿಂದೆ ತಿರುಗಿ ಓಡಿಹೋಗುವುದೊಂದು ಬಾಕಿ. "ನನ್ನ ಡಾಕ್ಟರ್," ಎಂದು ಮಿರಿಯಮ್ ನನ್ನ ತೋಳು ಹಿಡಿದು ಒಳಗೆ ಕರೆದೊಯ್ದರು.

ನೂರಾರು ಜನರಿಗಾಗಿ ಕಟ್ಟಿದ ದೊಡ್ಡ ಸಭಾಂಗಣ. ಕೆಳಗೆ ಗಂಡಸರ ಬೆಂಚುಗಳಲ್ಲಿ ಅರ್ಧಕ್ಕರ್ಧ ಖಾಲಿ. ಹುಡುಗರೆಲ್ಲ ಮ್ಯಾಂಚೆಸ್ಟರಿಗೋ ಲಂಡನ್ನಿಗೋ ಹೋಗಿಬಿಟ್ಟಿದ್ದರು. ಮಿರಿಯಮ್ ಅವರ ಮಗನೂ ಮ್ಯಾಂಚೆಸ್ಟರಿನಲ್ಲಿದ್ದ. ಮೇಲಿನ ಗ್ಯಾಲರಿಯಲ್ಲಿ ಹೆಂಗಸರು. ಆ ದಿನ ಚರ್ಮದ ಚಪ್ಪಲಿ ಹಾಕುವಂತಿಲ್ಲವಾದ್ದರಿಂದ ಮುತ್ತಿನ ಸರ ತೊಟ್ಟ ಅಜ್ಜಿಯರೆಲ್ಲ ಕಾಲಿಗೆ ಕ್ಯಾನ್ವಾಸ್ ಶೂ ಹಾಕಿ ಕುಳಿತಿದ್ದರು. ಆ ದಿನ ಕಾರು ಓಡಿಸುವುದೂ ನಿಷಿದ್ಧವಂತೆ. ದೂರದಿಂದ ಬರುವವರು ಎರಡು ಬೀದಿ ಆಚೆ ಕಾರು ನಿಲ್ಲಿಸಿ, ಮನೆಯಿಂದಲೇ ನಡೆದುಬಂದವರಂತೆ ಬಂದು ಸೇರುತ್ತಾರೆ ಎಂದು ಮಿರಿಯಮ್ ಕಿವಿಯಲ್ಲಿ ಹೇಳಿದರು. "ರಬ್ಬಿಗೆ ಗೊತ್ತಾ?" ಎಂದೆ. "ಅವರು ಆ ಬೀದಿಯಲ್ಲಿ ಬರಲ್ಲ," ಎಂದರು. ಅದನ್ನು ಕೇಳಿ ನನಗೆ ಆ ಜಾಗ ಇದ್ದಕ್ಕಿದ್ದಂತೆ ನಮ್ಮ ಮನೆಯ ಹಾಗೆ ಅನಿಸಿತು.

ಪ್ರಾರ್ಥನೆಯ ನಡುವೆ ಎಲ್ಲರೂ ಎದ್ದು ನಿಂತು, ಮುಷ್ಟಿಯಿಂದ ಮೆಲ್ಲಗೆ ಎದೆ ತಟ್ಟಿಕೊಳ್ಳುತ್ತಾ ಏನನ್ನೋ ಸಾಲುಸಾಲಾಗಿ ಹೇಳತೊಡಗಿದರು. ಮಿರಿಯಮ್ ತಮ್ಮ ಪುಸ್ತಕದಲ್ಲಿ ಇಂಗ್ಲಿಷ್ ಅರ್ಥವಿದ್ದ ಪುಟ ತೋರಿಸಿದರು. ನಾವು ಮೋಸ ಮಾಡಿದೆವು, ನಾವು ಕದ್ದೆವು, ನಾವು ಚಾಡಿ ಹೇಳಿದೆವು. ಎಲ್ಲವೂ ನಾವು.

"ನೀವು ಯಾವಾಗ ಕದ್ದಿರಿ?" ಎಂದು ಪಿಸುಗುಟ್ಟಿದೆ.

"ಕದ್ದಿಲ್ಲ. ಆದ್ರೆ ಇಲ್ಲಿ ಯಾರೋ ಒಬ್ಬರು ಕದ್ದಿರಬಹುದು. ಅವರೊಬ್ಬರೇ ನಿಂತು ನಾನು ಕದ್ದೆ ಅಂತ ಹೇಳೋದು ಕಷ್ಟ. ಎಲ್ಲರೂ ಸೇರಿ ಹೇಳಿದ್ರೆ ಅವರೂ ಹೇಳ್ತಾರೆ."

ಮಧ್ಯಾಹ್ನ ಕಳೆಯುವ ಹೊತ್ತಿಗೆ ಮಿರಿಯಮ್ ಅವರ ಮೇಲ್ದುಟಿಯ ಮೇಲೆ ಬೆವರು ಕಂಡಿತು. ಎಲ್ಲರೂ ಪುಟ ತಿರುಗಿಸಿದರೂ ಅವರು ಹಳೇ ಪುಟದಲ್ಲೇ ಇದ್ದರು. ಹೋಗೋಣ ಎಂದರೆ ಸಿಡುಕಿದರು. ಎಂದೂ ಸಿಡುಕದ ಹೆಂಗಸು. ಸಕ್ಕರೆ ಇಳಿದಾಗ ಹಾಗಾಗುತ್ತದೆ. ನಾನು ಹೆಚ್ಚು ಕೇಳದೆ ಅವರನ್ನು ತೋಳಿಗೆ ಆನಿಸಿಕೊಂಡು ಮೆಟ್ಟಿಲಿಳಿಸಿ, ಕೋಟುಗಳ ಕೋಣೆಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದೆ. ರಸದ ಪೊಟ್ಟಣಕ್ಕೆ ಕೊಳವೆ ಚುಚ್ಚಿ ಬಾಯಿಗಿಟ್ಟರೆ ತುಟಿ ಬಿಗಿಹಿಡಿದು ಮುಖ ತಿರುಗಿಸಿದರು.

"ಬೇಡ. ಇನ್ನು ಸ್ವಲ್ಪ ಹೊತ್ತು ಅಷ್ಟೇ."

ಡಾಕ್ಟರಾಗಿ ಹೇಳಬೇಕಾದದ್ದನ್ನೆಲ್ಲ ನಾನು ಆಗಲೇ ಹೇಳಿಯಾಗಿತ್ತು. ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದೆ. ಬಾಗಿಲಿಗೆ ಮುಖ ಮಾಡಿ ಅವರ ಪಕ್ಕ ಕುಳಿತೆ.

"ಮಿರಿಯಮ್, ನನಗೂ ಇವತ್ತು ಉಪವಾಸ ಇಲ್ಲ. ಬೆಳಗಿನಿಂದ ಹಸಿದಿದ್ದೀನಿ. ಮೇಲೆ ಅಷ್ಟು ಜನರ ನಡುವೆ ಎದ್ದು ಬರೋಕೆ ನಾಚಿಕೆ ಆಗಿ ಕೂತಿದ್ದೆ. ನಾನು ತಿಂತೀನಿ. ನೀವೂ ಕುಡೀರಿ. ನಾಚಿಕೆ ಇಬ್ಬರಿಗೂ ಇರಲಿ."

ನಾನು ಹಣ್ಣು ಕಚ್ಚಿದೆ. ನಿಧಾನವಾಗಿ ಅಗಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಾ ಕೊಳವೆಗೆ ತುಟಿಯಿಟ್ಟರು. ಒಂದು ಗುಟುಕು, ಇನ್ನೊಂದು ಗುಟುಕು. ಆಗಲೇ ಬಾಗಿಲು ತೆರೆಯಿತು. ಊರುಗೋಲು ಹಿಡಿದ ಒಬ್ಬ ಅಜ್ಜಿ. ನಿಮಗೆ ನಿಜ ಹೇಳಬೇಕು: ಅಷ್ಟು ದೊಡ್ಡ ಮಾತಾಡಿದ್ದ ನಾನು ಹಣ್ಣನ್ನು ಪಕ್ಕದ ಯಾರದೋ ಉಣ್ಣೆಯ ಕೋಟಿನ ಹಿಂದೆ ಸರಿಸಿಬಿಟ್ಟಿದ್ದೆ.

ಅಜ್ಜಿ ನಮ್ಮಿಬ್ಬರನ್ನೂ ನೋಡಿದರು. ಒಳಗೆ ಬಂದು ಬಾಗಿಲು ಹಾಕಿದರು. ತಮ್ಮ ಕೋಟು ಹುಡುಕಿ, ಜೇಬಿನಿಂದ ಕಾಗದದಲ್ಲಿ ಸುತ್ತಿದ ಬಿಸ್ಕತ್ತು ತೆಗೆದು, "ಸ್ವಲ್ಪ ಜರುಗು, ಮಿರಿಯಮ್," ಎನ್ನುತ್ತಾ ಕುಳಿತರು. "ಹಾರ್ಟಿನ ಮಾತ್ರೆ. ಖಾಲಿ ಹೊಟ್ಟೆಗೆ ಆಗಲ್ಲ. ಎಷ್ಟೋ ವರ್ಷದಿಂದ ಹೀಗೇ."

ಮಿರಿಯಮ್ ಅಜ್ಜಿಯನ್ನು ನೋಡಿದರು. "ಎಸ್ತರ್, ಹೋದ ವರ್ಷ ನೀವೂ ಇಲ್ಲಿಗೆ ಬಂದಿದ್ರಾ?"

"ಬಂದಿದ್ದೆ. ಯಾರೋ ಕೋಟುಗಳ ಹಿಂದೆ ಅಳ್ತಾ ಇದ್ರು. ವಾಪಸ್ ಹೋಗಿಬಿಟ್ಟೆ."

ಮಿರಿಯಮ್ ಕೈಗೆ ಮೆಲ್ಲಗೆ ಬಿಸಿ ಮರಳಿತು. ಮುಖಕ್ಕೆ ಬಣ್ಣ ಬಂತು. ನಾನು ಕೋಟಿನ ಹಿಂದಿನಿಂದ ಹಣ್ಣು ತೆಗೆದು ಅರ್ಧ ಮುರಿದು ಅವರಿಗೆ ಕೊಟ್ಟೆ. ಸಂಜೆ ಉಪವಾಸ ಮುಗಿದದ್ದನ್ನು ಸಾರುವ ಕೊಂಬಿನ ಉದ್ದನೆಯ ದನಿ ಕೇಳಿಸಿದಾಗ ನಾವು ಮೂವರೂ ಮತ್ತೆ ಮೇಲಿದ್ದೆವು. ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ನನ್ನನ್ನೂ ಯಾರು ಯಾರೋ ಅಪ್ಪಿಕೊಂಡರು. ಅವರಲ್ಲೊಬ್ಬರು, "ಪಾಪ, ಬೆಳಗಿನಿಂದ ನೀವೂ ಉಪವಾಸ," ಎಂದರು. ನಾನು ಇಲ್ಲ ಎನ್ನಲು ಬಾಯಿ ತೆರೆದು, ಮುಗುಳ್ನಕ್ಕು, ಮುಚ್ಚಿಕೊಂಡೆ.

ಮುಂದಿನ ವರ್ಷ ಮಿರಿಯಮ್ ಸುಮ್ಮನೆ ಕೂರಲಿಲ್ಲ. ರಬ್ಬಿಯ ಹತ್ತಿರ ಹೋಗಿ, ಎಸ್ತರ್ ಅವರನ್ನೂ ಜೊತೆಗೆ ಕರೆದುಕೊಂಡು, ಒಂದು ಪಕ್ಕದ ಕೋಣೆ ಬೇಕೆಂದು ಕೇಳಿದರು. ಮೇಜು ಹಾ‍ಕಿ, ಬಿಳಿ ಬಟ್ಟೆ ಹಾಸಿ, ಬ್ರೆಡ್ಡು, ಹಣ್ಣು, ನೀರು ಇಟ್ಟರು. ಪ್ರಾರ್ಥನೆಯ ನಡುವೆ ರಬ್ಬಿ, ತಿನ್ನಲೇಬೇಕಾದವರು ಆ ಕೋಣೆಗೆ ಹೋಗಬಹುದು, ಅವರಿಗೆ ಅದೇ ಈ ದಿನದ ಪೂಜೆ ಎಂದು ಎಲ್ಲರೆದುರು ಹೇಳಿದರಂತೆ. ಅಂದು ನನಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಸೋಮವಾರ ಮಿರಿಯಮ್ ಹೇಳಿದರು:

"ಮೊದಲು ನಾನೊಬ್ಬಳೇ ಕೂತಿದ್ದೆ, ಬ್ಯಾಬ್. ಬಾಗಿಲು ತೆಗೆದೇ ಇಟ್ಟಿದ್ದೆ. ಆಮೇಲೆ ಎಸ್ತರ್ ಬಂದ್ರು. ಬಸುರಿ ಹುಡುಗಿಯೊಬ್ಬಳು ಬಂದ್ಳು. ಕೊನೆಗೆ ಕೆಳಗಿನಿಂದ ಗಂಡಸರೂ ಬಂದ್ರು. ಬೇರೆ ಕೋಣೆಯಿಂದ ಕುರ್ಚಿ ತರಬೇಕಾಯ್ತು."

ಅಷ್ಟರಲ್ಲಿ ಕೋಟುಗಳ ಕೋಣೆಯ ಕಥೆಯನ್ನು ನಾನು ಸಿಕ್ಕಿದವರಿಗೆಲ್ಲ ಹೇಳಿಯಾಗಿತ್ತು. ಮನೆಯಲ್ಲಿ ಹೇಳಿದೆ, ಕನ್ನಡದವರ ಕೂಟದಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ಕೋಟಿನ ಹಿಂದೆ ಹಣ್ಣು ಸರಿಸಿದ ಭಾಗ ಬಿಟ್ಟುಹೋಯಿತು. ಕೋಣೆಯ ಬಾಗಿಲು ವಿಶಾಲವಾಯಿತು. ನಾನು ಸಿನಗಾಗ್‌ನಲ್ಲಿ ತಲೆಯೆತ್ತಿ ಕುಳಿತು ಎಲ್ಲರ ಮುಂದೆ ತಿಂದ ಧೀರೆಯಾದೆ.

ಮಿರಿಯಮ್ ಆ ಕೋಣೆ ತೆರೆಸಿದ ರಂಜಾನಿನಲ್ಲೇ ಸನಾ ದೊಡ್ಡವಳಾದಳು. ಆಗಷ್ಟೇ ಅವಳು ಹಟ ಹಿಡಿದು ರೋಜಾ ಇಡತೊಡಗಿದ್ದಳು. ಶನಿವಾರ ಬೆಳಿಗ್ಗೆ ಬಂದು ಕಿವಿಯಲ್ಲಿ ವಿಷಯ ಹೇಳಿದಳು. ನಾನು ಅವಳ ತಲೆ ಸವರಿ, ಬೇಕಾದ್ದನ್ನೆಲ್ಲ ಕೊಟ್ಟು, ಒಂದು ಬಟ್ಟಲು ಕಾರ್ನ್‌ಫ್ಲೇಕ್ಸ್ ಹಾಕಿ ಕೈಗಿತ್ತು ಹೇಳಿದೆ: "ಮೇಲೆ ನಿನ್ನ ರೂಮಿಗೆ ಹೋಗಿ ತಿನ್ನು. ಬಾಗಿಲು ಹಾಕ್ಕೋ. ಅಬ್ಬಾ ನೋಡಬಾರದು."

ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಬಂದದ್ದೇ ನನಗೆ ತಿಳಿಯಲಿಲ್ಲ. ಸನಾಗೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಟ್ಟಲು ಹಿಡಿದು ನಿಂತು ಕೇಳಿದಳು:

"ಯಾಕೆ? ನಾನೇನು ತಪ್ಪು ಮಾಡಿದೆ?"

"ತಪ್ಪೇನಿಲ್ಲ. ಹಾಗೆಲ್ಲ ಗಂಡಸರ ಮುಂದೆ ತಿನ್ನಬಾರದು."

"ನೀವು ಸಿನಗಾಗ್‌ನಲ್ಲಿ ಅಷ್ಟು ಜನರ ಮುಂದೆ ತಿಂದ್ರಿ. ನಾನು ನಮ್ಮ ಅಡುಗೆಮನೆಯಲ್ಲಿ ತಿನ್ನಬಾರದಾ?"

ಅಷ್ಟು ಜನರ ಮುಂದೆ ತಿಂದಿರಲಿಲ್ಲ ಮಗಳೇ, ಇಬ್ಬರು ಮುದುಕಿಯರ ಮುಂದೆ, ಅದೂ ಬಚ್ಚಿಟ್ಟು, ಎಂದು ಹೇಳಬೇಕಿತ್ತು. ಅವಳು ಮೆಟ್ಟಿಲು ಹತ್ತಲಿಲ್ಲ. ಬಟ್ಟಲನ್ನು ಊಟದ ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕುಳಿತಳು. ನಾನು ನಲ್ಲಿಯ ಬಳಿ ಸಂಜೆಗೆಂದು ಕಡಲೆ ತೊಳೆಯತೊಡಗಿದೆ. ತೊಳೆದದ್ದನ್ನೇ ತೊಳೆದೆ.

ಇಮ್ತಿಯಾಜ್ ಪೇಪರ್ ಹಿಡಿದು ಒಳಗೆ ಬಂದರು. ಮೇಜಿನ ಇನ್ನೊಂದು ತುದಿಯಲ್ಲಿ ಕೂರಲು ಹೋಗಿ ಮಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಕಡಲೆಯ ನೀರನ್ನು ನೋಡಿದೆ. ಅವರು ಎದ್ದು ಫ್ರಿಜ್ ತೆರೆದು ಹಾಲು ತಂದು ಅವಳ ಮುಂದಿಟ್ಟರು.

"ಸಾಕಾಗುತ್ತಾ, ಇನ್ನೂ ಬೇಕಾ?"

"ಸಾಕು, ಅಬ್ಬಾ."

ಅವರು ಪೇಪರ್ ಬಿಡಿಸಿ ಓದತೊಡಗಿದರು. ಅವಳು ಹಾಲು ಹಾಕಿಕೊಂಡು ತಿನ್ನತೊಡಗಿದಳು. ಆ ಕೋಣೆಯಲ್ಲಿ ನಾಚಿ ಕೆಂಪಾದವಳು ನಾನೊಬ್ಬಳೇ. ಒಣಗಿದ ಬಟ್ಟೆ ತರುತ್ತೇನೆ ಎಂದು ಯಾರೂ ಕೇಳದಿದ್ದರೂ ಹೇಳಿ, ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದೆ. ಹಗ್ಗದ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಅವಳು ತಿಂದು ಮುಗಿಸುವವರೆಗೂ ನಾನು ಖಾಲಿ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದೆ.